ಚೇತರಿಸಿಕೊಂಡವರ ಜೊತೆಗೆ ನಾಲ್ಕು ಹೆಜ್ಜೆ
(ಶತಮಾನೋತ್ಸವದ ಅಂಗವಾಗಿ ರೋಗಿಗಳ ದಿನದಂದು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಇತಿಹಾಸವನ್ನೂ ಇದನ್ನು ಕಟ್ಟಿದವರ ತ್ಯಾಗವನ್ನೂ ಈ ವೇದಿಕೆಯಿಂದ ಅನೇಕರು ಸ್ಮರಿಸಿದ್ದಾರೆ. ರೋಗಿಗಳನ್ನು ಮನೆಮನೆಗೆ ಹೋಗಿ ಕಾಣುವ ನಮ್ಮ ಪುಟ್ಟ ತಂಡಕ್ಕೆ ಗುರುಗಳು ಮಾತನಾಡಲು ಅಪ್ಪಣೆಯಿತ್ತಾಗ, ಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ವಿಷಯವೊಂದನ್ನು ನಾವು ಆರಿಸಿಕೊಂಡೆವು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬದುಕುಳಿದ ಗಂಡಸರು ಮತ್ತೆ ನಡೆದಾಡುವಂತೆ ನೆರವಾಗುವುದು ಹೇಗೆ ಎಂಬುದೇ ಆ ವಿಷಯ. ಸಂಕೋಚವೆನಿಸಿದವರು ಕ್ಷಮಿಸಬೇಕು. ಆ ಸಂಕೋಚವೇ ನಮ್ಮ ಮಾತಿನ ಅರ್ಧಭಾಗವಾಗಿದೆ.

ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಪ್ರತಿ ಆಗಸ್ಟ್ ತಿಂಗಳಲ್ಲಿ ಯಾತ್ರಿಕರೊಡನೆ ಕಾಲ್ನಡಿಗೆಯಲ್ಲಿ ವೇಳಾಂಗಣ್ಣಿಗೆ ಹೋಗಿಬರುತ್ತಿದ್ದ ಹಿರಿಯರೊಬ್ಬರು ನಮ್ಮ ನಡುವೆ ಇದ್ದಾರೆ. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಎಂಟು ತಿಂಗಳು ಅವರು ಭಾನುವಾರದ ಪೂಜೆಗೆ ಬರಲಿಲ್ಲ. ಕಷ್ಟ ಬಂದಾಗ ವಿಶ್ವಾಸ ತಣ್ಣಗಾಯಿತೇನೋ ಎಂದು ನಮ್ಮಲ್ಲಿ ಕೆಲವರು ಆಡಿಕೊಂಡದ್ದೂ ಉಂಟು. ಕೊನೆಗೆ ಅವರ ಮನೆಗೆ ಹೋದಾಗ, ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿ ಮೈ ಊದಿಕೊಂಡು, ತೋಳು ಸಣಕಲಾಗಿ ಕುಳಿತಿದ್ದರು. ಊಟ ಅಲ್ಲಿಗೇ ಬರುತ್ತಿತ್ತು, ದೂರದರ್ಶನವೂ ಅಲ್ಲಿಯೇ. ಒಂದು ಲೋಟ ನೀರಿಗೆ ಏಳಹೊರಟರೂ ಮನೆಯವರು, "ನೀವು ಅಲ್ಲಾಡಬೇಡಿ, ನಾವಿದ್ದೇವೆ" ಎನ್ನುತ್ತಿದ್ದರು. ಇದೆಲ್ಲವೂ ಪ್ರೀತಿಯಿಂದಲೇ ನಡೆದದ್ದು.

ಆ ಮನೆಯ ತಾಯಿ ಕಾಫಿ ಮಾಡಲು ಒಳಗೆ ಹೋದ ಮೇಲೆ ಅವರು ತಗ್ಗಿದ ದನಿಯಲ್ಲಿ ನಿಜ ಹೇಳಿದರು. ಕೆಮ್ಮಿದರೆ ಮೂತ್ರ ಜಿನುಗುತ್ತದೆ. ಮೊಣಕಾಲೂರಿ ಏಳುವಾಗಲೂ ಜಿನುಗುತ್ತದೆ. ದೇವಾಲಯದ ಹಿಂದಿನ ಶೌಚಾಲಯಕ್ಕೆ ಸದಾ ಬೀಗ. "ಒದ್ದೆ ಬಟ್ಟೆಯಲ್ಲಿ ಪರಮಪ್ರಸಾದ ಸ್ವೀಕರಿಸಲು ಹೇಗಪ್ಪಾ ಬರಲಿ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ.

ಈ ಗ್ರಂಥಿ ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ್ದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇದೆ. ಅದನ್ನು ತೆಗೆದಾಗ ಮೂತ್ರವನ್ನು ತಡೆಹಿಡಿಯುವ ಸ್ನಾಯುವಿಗೂ ನರಗಳಿಗೂ ಪೆಟ್ಟಾಗುವುದು ಅಪರೂಪವಲ್ಲ. ಬಹುಮಂದಿಗೆ ತಿಂಗಳುಗಳು ಕಳೆದಂತೆ ಇದು ಸುಧಾರಿಸುತ್ತದೆ. ಮೂತ್ರವನ್ನು ಹಿಡಿದಿಡುವಂತೆ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸ ಅದಕ್ಕೆ ಸಹಾಯಕ. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ಹೆರಿಗೆಯಾದ ತಾಯಂದಿರಿಗಾಗಿ ಪ್ರಕಟಿಸಿದ ವ್ಯಾಯಾಮವಿದು. ಹೆಂಗಸರಿಗೆಂದು ಹುಟ್ಟಿದ್ದು ಇಂದು ಮೀಸೆ ಹೊತ್ತ ಗಂಡಸರಿಗೂ ಆಸರೆಯಾಗಿದೆ ಎಂದರೆ ನಮ್ಮ ಹಿರಿಯರು ನಕ್ಕಾರು. ನಕ್ಕರೆ ಒಳ್ಳೆಯದೇ.

ಎರಡನೆಯ ತೊಂದರೆ ಹೊರನೋಟಕ್ಕೆ ಕಾಣದು. 1941ರಲ್ಲಿ ಚಿಕಾಗೋ ನಗರದ ಡಾಕ್ಟರ್ ಚಾರ್ಲ್ಸ್ ಹಗಿನ್ಸ್ ಅವರು, ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಡುವ ಚುಚ್ಚುಮದ್ದಿನ ಮೂಲ ತತ್ತ್ವ ಅದೇ. ಆದರೆ ಆ ಹಾರ್ಮೋನು ಸ್ನಾಯುವನ್ನು ಬೆಳೆಸುವುದೂ ಹೌದು, ಮೂಳೆಯನ್ನು ಕಾಯುವುದೂ ಹೌದು. ಅದು ಇಳಿದಾಗ ಮಾಂಸಖಂಡ ಕರಗುತ್ತದೆ, ಕೊಬ್ಬು ಏರುತ್ತದೆ, ಮೂಳೆ ತೆಳುವಾಗುತ್ತದೆ, ರಾತ್ರಿಯ ಹೊತ್ತು ಮೈ ಇದ್ದಕ್ಕಿದ್ದಂತೆ ಕಾವೇರಿ ಬೆವರುತ್ತದೆ. ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಿದ್ರೆಯಿಂದ ನೀಗದ ಆಯಾಸ ಆವರಿಸುತ್ತದೆ. ಇಂತಹ ವ್ಯಕ್ತಿಯನ್ನು ಆರಾಮಕುರ್ಚಿಯಲ್ಲಿ ಕೂರಿಸಿಟ್ಟರೆ, ಔಷಧಿಯ ದುಷ್ಪರಿಣಾಮಕ್ಕೆ ನಮ್ಮ ಕೈಯನ್ನೂ ಸೇರಿಸಿದಂತಾಗುತ್ತದೆ.

ಆಯಾಸವಿದ್ದವರಿಗೆ ವಿಶ್ರಾಂತಿಯೇ ಮದ್ದೆಂದು ನಾವೂ ತಿಳಿದಿದ್ದೆವು. 2003ರಲ್ಲಿ ಪ್ರಕಟವಾದ ಕೆನಡಾ ದೇಶದ ಪ್ರಯೋಗವೊಂದು ಬೇರೆಯದನ್ನೇ ಹೇಳುತ್ತದೆ. ಇಂತಹ ಚುಚ್ಚುಮದ್ದಿನಲ್ಲಿದ್ದ 155 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ವಾರಕ್ಕೆ ಮೂರು ಸಲದಂತೆ ಹನ್ನೆರಡು ವಾರ ಭಾರ ಎತ್ತಿಸಿದರು. ಭಾರ ಎತ್ತಿದವರ ಆಯಾಸವೇ ಕಡಿಮೆಯಾಯಿತು! ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಇನ್ನೂ ಮುಂದೆ ಹೋಗಿ, ಇದೇ ಚಿಕಿತ್ಸೆಯಲ್ಲಿದ್ದ ವೃದ್ಧರಿಗೆ ಕಾಲ್ಚೆಂಡು ಆಡಿಸಿದರು. ಅವರ ಸ್ನಾಯುಬಲ ವೃದ್ಧಿಸಿತೆಂದು 2014ರಲ್ಲಿ ವರದಿಯಾಯಿತು. ನಮ್ಮ ಯುವಕರ ಸಂಘದವರು ಇದನ್ನು ಗಮನಿಸಲಿ. ಮೈದಾನ ಅವರೊಬ್ಬರದೇ ಅಲ್ಲ.

ಅಮೆರಿಕದಲ್ಲಿ ಈ ರೋಗವಿದ್ದ 2,705 ಗಂಡಸರನ್ನು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನವೊಂದು 2011ರಲ್ಲಿ ಹೊರಬಂತು. ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಬಿರುಸಿನ ವ್ಯಾಯಾಮ ಮಾಡಿದವರಲ್ಲಿ, ಒಂದು ಗಂಟೆಗೂ ಕಡಿಮೆ ಮಾಡಿದವರಿಗಿಂತ, ಇದೇ ರೋಗದಿಂದ ಸಾಯುವ ಸಂಭವ ಶೇಕಡಾ 61ರಷ್ಟು ಕಡಿಮೆಯಿತ್ತು. ಇದನ್ನು ಅತಿಯಾಗಿ ಹೊಗಳಲು ನಾವು ಇಷ್ಟಪಡುವುದಿಲ್ಲ. ಗಟ್ಟಿಮುಟ್ಟಾಗಿರುವವರೇ ಹೆಚ್ಚು ವ್ಯಾಯಾಮ ಮಾಡುತ್ತಾರೆಂಬುದೂ ಲೆಕ್ಕಕ್ಕೆ ಬರಬೇಕು. ನಡಿಗೆ ಔಷಧಿಯ ಬದಲಿಯಲ್ಲ. ನಡೆಯುತ್ತೇನೆಂದು ಯಾರೂ ಚುಚ್ಚುಮದ್ದು ಬಿಡಬಾರದು. ಆದರೆ ಆಯಾಸ ತಗ್ಗುವುದು, ಕಾಲಿಗೆ ಬಲ ಬರುವುದು, ಇವುಗಳ ಬಗ್ಗೆ ಸಂಶಯ ಉಳಿದಿಲ್ಲ. ವಾರದಲ್ಲಿ ಮೂರು ದಿನ ಅರ್ಧ ಗಂಟೆಯ ನಡಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮ: 2019ರಲ್ಲಿ ಪ್ರಕಟವಾದ ತಜ್ಞರ ಸಲಹೆ ಸ್ಥೂಲವಾಗಿ ಇಷ್ಟೇ.

ಇದಕ್ಕೆ ಯಂತ್ರೋಪಕರಣ ಬೇಡ. ಒಂದು ಲೀಟರ್ ನೀರು ತುಂಬಿದ ಬಾಟಲಿಯೆಂದರೆ ಒಂದು ಕಿಲೋ ಭಾರ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದೇ ತೊಡೆಗೆ ಒಳ್ಳೆಯ ವ್ಯಾಯಾಮ. ಗೋಡೆಗೆ ಅಂಗೈ ಊರಿ ತಳ್ಳುವುದು ಭುಜಕ್ಕೆ. ಪೂಜೆಯ ವೇಳೆಯಲ್ಲಿ ಮೊಣಕಾಲೂರಿ, ಎದ್ದು, ಕುಳಿತು ಮಾಡುವಷ್ಟನ್ನು ಕೆಲವರು ಇಡೀ ವಾರದಲ್ಲಿ ಮಾಡುವುದಿಲ್ಲವೆಂದು ನಮ್ಮ ತಂಡದ ಸಿಸ್ಟರ್ ಹಾಸ್ಯ ಮಾಡುತ್ತಾರೆ. ಅವರು ಶುಶ್ರೂಷಕಿಯಾದ್ದರಿಂದ ಎಚ್ಚರಿಕೆಗಳನ್ನೂ ಅವರಿಂದಲೇ ಕಲಿತೆವು. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ನಡೆಯಬಹುದು, ಭಾರ ಎತ್ತಬಾರದು. ಯಾವಾಗ ಎತ್ತಬಹುದೆಂದು ವೈದ್ಯರೇ ಹೇಳಬೇಕು. ರೋಗ ಮೂಳೆಗೆ ಹರಡಿದವರು ಅವರ ಒಪ್ಪಿಗೆಯಿಲ್ಲದೆ ವ್ಯಾಯಾಮ ತೊಡಗಕೂಡದು. ಬೆನ್ನಿನಲ್ಲಿ ಹೊಸ ನೋವು, ಕಾಲಿನಲ್ಲಿ ನಿತ್ರಾಣ ಅಥವಾ ಜೋಮು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು.

ಕ್ಯಾನ್ಸರ್ ರೋಗಿಗಳ ಪಾಲಕ ಸಂತ ಪೆರಿಗ್ರಿನ್ ಅವರನ್ನು ಕೆಲವರಾದರೂ ಬಲ್ಲಿರಿ. ಇಟಲಿಯ ಫೊರ್ಲಿ ಎಂಬ ಊರಿನವರು. 1726ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಕಾಲಿಗೆ ಕ್ಯಾನ್ಸರ್ ಹತ್ತಿ, ಮರುದಿನ ಕಾಲು ಕತ್ತರಿಸಬೇಕೆಂದಾಗ, ರಾತ್ರಿ ತೆವಳಿಕೊಂಡು ಶಿಲುಬೆಯ ಬಳಿ ಹೋಗಿ ಪ್ರಾರ್ಥಿಸಿ ಗುಣಹೊಂದಿದರೆಂಬುದು ಪರಂಪರೆ. ಪೆರಿಗ್ರಿನ್ ಎಂದರೆ ಯಾತ್ರಿಕ. ಆದರೆ ನಮ್ಮ ತಂಡಕ್ಕೆ ಹೆಚ್ಚು ಹತ್ತಿರವಾದವರು ಸಂತ ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ಆ ನಾಲ್ವರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಬಾಗಿಲಲ್ಲಿ ದಾರಿಯಿಲ್ಲವೆಂದು ಅವರು ಹಿಂದಿರುಗಲಿಲ್ಲ, ಮಾಳಿಗೆಯನ್ನೇ ತೆರೆದರು.

ನಾವು ತೆರೆದದ್ದು ಶೌಚಾಲಯದ ಬೀಗವನ್ನು ಮಾತ್ರ. ಗುರುಗಳ ಅನುಮತಿಯಿಂದ ಈಗ ಪೂಜೆಯ ವೇಳೆಯಲ್ಲಿ ಅದು ತೆರೆದಿರುತ್ತದೆ. ಪಕ್ಕದ ಬಾಗಿಲಿನ ಹತ್ತಿರದ ಬೆಂಚನ್ನು, ಕಾರಣ ಕೇಳದೆ, ಬೇಕಾದವರಿಗೆ ಬಿಟ್ಟುಕೊಡಲಾಗಿದೆ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಪೂಜೆ ಮುಗಿದ ಮೇಲೆ ಇಬ್ಬರು ಘಂಟೆಗೋಪುರದ ಕೆಳಗೆ ಕಾಯುತ್ತೇವೆ. ಬಂದವರೊಡನೆ ಸ್ಮಶಾನದ ಗೋಡೆಯವರೆಗೆ ನಡೆದು ಬರುತ್ತೇವೆ. ಮಾತಾಡುವಷ್ಟು ಉಸಿರು ಉಳಿಯುವ ವೇಗ ಸಾಕು. ದಾರಿಯಲ್ಲಿ ಶೌಚಕ್ಕೆ ಎರಡು ಕಡೆ ಅನುಕೂಲವಿದೆ. ಆ ಮನೆಯವರು ತಾವಾಗಿಯೇ ಒಪ್ಪಿದರು, ಅವರಿಗೆ ವಂದನೆಗಳು. ಮನೆಯ ಹೆಣ್ಣುಮಕ್ಕಳಲ್ಲಿ ನಮ್ಮ ಬೇಡಿಕೆ ಒಂದೇ: ಅವರ ಕಾಫಿಲೋಟವನ್ನು ಅವರೇ ಎದ್ದು ಹೋಗಿ ತಂದುಕೊಳ್ಳಲಿ, ತಡೆಯಬೇಡಿ.

ಮೊದಲ ದಿನ ಆ ಹಿರಿಯರು ಗೇಟಿನವರೆಗೆ ಬಂದು, ಸಾಕೆಂದು ಹಿಂದಿರುಗಿದರು. ಮೂರನೆಯ ವಾರ ಆಲದ ಮರದವರೆಗೆ ಬಂದರು. ಕಳೆದ ಶನಿವಾರ ಸ್ಮಶಾನದ ಗೋಡೆಯನ್ನು ಮುಟ್ಟಿ, ನಾವಿನ್ನೂ ಹಿಂದೆ ಉಳಿದಿದ್ದುದನ್ನು ಕಂಡು, "ವೇಳಾಂಗಣ್ಣಿ ದಾರಿಯಲ್ಲಿ ನೀವು ಕೃಷ್ಣಗಿರಿಯನ್ನೂ ದಾಟುವುದಿಲ್ಲ" ಎಂದು ಗದರಿಸಿದರು. ಇಂದು ಅವರು ಈ ಸಭೆಯಲ್ಲಿಯೇ ಇದ್ದಾರೆ. ಯಾರೆಂದು ನಾವು ಹೇಳುವುದಿಲ್ಲ.