ಹಳೆಯ ಮನೆ, ಹೊಸ ಸಿಮೆಂಟು



ರೋಹಿಣಿ ಮಳೆಯ ಮೊದಲ ಹನಿ ಬೀಳುತ್ತಲೇ ಬೆಳಗಾವಿಯ ಹಳೆಯ ಓಣಿಗಳಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಏಣಿಗಳು ಹೊರಬರುತ್ತವೆ. ಗವಂಡಿಯ ದಿನಗೂಲಿ ಕೈಗೆಟುಕದ ಕಾರಣ ಯಜಮಾನರೇ ಮಾಡು ಹತ್ತುತ್ತಾರೆ. ಒಡೆದ ಹಂಚು ಒಂದು. ಅದನ್ನು ತೆಗೆಯಹೋಗಿ ಕಾಲಡಿಯಲ್ಲಿ ಒಡೆಯುವವು ಮೂರು. ಹೊಸದನ್ನು ತಂದರೆ ಅದು ಹಳೆಯದರ ಪಕ್ಕದಲ್ಲಿ ಕೂಡುವುದಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ತರುವಾಯ ಅಂತಹವು ಅನೇಕ ಹುಟ್ಟಿದವು. ಅವುಗಳ ಅಚ್ಚುಗಳಲ್ಲಿ ತುಸು ತುಸು ಭೇದವುಂಟು. ಹಳೆಯ ಹಂಚಿನ ಮೇಲಿನ ಹೆಸರನ್ನು ಓದಿಕೊಂಡು, ಕೆಡವಿದ ಮನೆಗಳಿಂದ ಅದೇ ಅಚ್ಚಿನದನ್ನು ಹುಡುಕಿ ತರುವುದು ಲೇಸು.

ಗೋಡೆಯ ವಿಷಯ ಇದಕ್ಕಿಂತ ಗಂಭೀರವಾದುದು. ನಮ್ಮ ಹಿರಿಯರು ಜಂಬಿಟ್ಟಿಗೆ ಕಲ್ಲನ್ನು ಮಣ್ಣಿನಲ್ಲಿಯೋ ಸುಣ್ಣದ ಗಾರೆಯಲ್ಲಿಯೋ ಕಟ್ಟಿದರು. ಇಂತಹ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಿಗೆಯಲ್ಲಿ ಹೊರಬಿಡುತ್ತದೆ. ತೇವ ಕಂಡೊಡನೆ ನಾವು ಮಾಡುವುದೇನು? ಒಂದು ಚೀಲ ಸಿಮೆಂಟು ತಂದು ಸ್ವತಃ ಮೆತ್ತುತ್ತೇವೆ. ಮೊದಲ ವರ್ಷ ಗೋಡೆ ಒಣಗಿದಂತೆ ತೋರುತ್ತದೆ, ನೆರೆಯವರೂ ಮೆಚ್ಚುತ್ತಾರೆ. ಆದರೆ ತಳಪಾಯದಿಂದ ಏರಿದ ನೀರಿಗೆ ಹೊರಬರುವ ದಾರಿ ಮುಚ್ಚಿಹೋಗಿರುತ್ತದೆ. ಅದು ಒಳಗೇ ನಿಂತು ಮಣ್ಣನ್ನು ಮೆದುಗೊಳಿಸುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು, ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಮತ್ತೆ ಇನ್ನೊಂದು ಚೀಲ!

2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ನಮ್ಮ ಜಿಲ್ಲೆಯ ಸಾವಿರಾರು ಮನೆಗಳು ಕುಸಿದುದನ್ನು ತಾವು ಮರೆತಿರಲಾರಿರಿ. ಅದಕ್ಕೆಲ್ಲ ಸಿಮೆಂಟಿನ ಮೇಲೆ ದೋಷ ಹೊರಿಸುವುದು ನ್ಯಾಯವಲ್ಲ. ನೆರೆಯೂ ಇತ್ತು, ಬಿಡದ ಮಳೆಯೂ ಇತ್ತು. ಆದರೂ ಒಳಗೆ ನೆನೆದ ಗೋಡೆಯನ್ನು ಹೊರಗಿನ ಗಟ್ಟಿ ಲೇಪ ಮರೆಮಾಡುತ್ತದೆ, ಮತ್ತು ಆ ಗೋಡೆಯ ಬದಿಯಲ್ಲೇ ಮಕ್ಕಳು ಚಾಪೆ ಹಾಸಿ ಮಲಗುತ್ತಾರೆ.

ಆದುದರಿಂದ ಮೊದಲು ನೀರಿಗೆ ದಾರಿ ಮಾಡಿರಿ. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡಿರಿ. ಗೋಡೆಗೆ ಒರಗಿಸಿದ ಮಣ್ಣು, ಸೌದೆಗಳನ್ನು ತೆಗೆಯಿರಿ. ಇಷ್ಟಕ್ಕೆ ಗುದ್ದಲಿಯೊಂದು ಸಾಕು. ಗೋಡೆ ಚೆನ್ನಾಗಿ ಆರಿದ ಬಳಿಕ ಸುಣ್ಣ ಮರಳಿನ ಗಾರೆ ಹಚ್ಚಿಸಿರಿ. ಸುಣ್ಣದ ಕೆಲಸ ಬಲ್ಲ ಹಿರಿಯ ಗವಂಡಿಗಳು ಈಗ ವಿರಳ. ಕಂಡಲ್ಲಿ ಅವರೊಡನೆ ಒಬ್ಬ ಹುಡುಗನನ್ನು ಕಲಿಯಲು ಬಿಡಿರಿ. ಗೋಡೆ ಹೊರಕ್ಕೆ ಉಬ್ಬಿದ್ದರೆ ಮಾತ್ರ ಸ್ವಂತ ಕೈಚಳಕ ಬೇಡ; ಆ ಕೋಣೆಯನ್ನು ತೆರವು ಮಾಡಿ ಬಲ್ಲವರನ್ನು ಕರೆಯಿರಿ.

ಜಾಂಬೋಟಿ, ಕಣಕುಂಬಿಗಳ ಕಡೆ ಮಳೆ ಬಲು ಜೋರು. ಅಲ್ಲಿಯವರು ಮೇ ತಿಂಗಳೊಳಗೇ ಕೆಲಸ ಮುಗಿಸಬೇಕು. ಒಂಟಿಯಾಗಿರುವ ವೃದ್ಧರು ದಯವಿಟ್ಟು ಮಾಡು ಹತ್ತಬಾರದು. ಬಲಿಪೂಜೆಯ ನಂತರ ತಮ್ಮ ಹೆಸರು ತಿಳಿಸಿದರೆ ಯುವಕರು ಬರುತ್ತಾರೆ. ಏಣಿ ಗುರುನಿವಾಸದ ಹಿತ್ತಿಲಲ್ಲಿದೆ.