ಬೇಸಿಗೆಯ ಪ್ರಯಾಣದಲ್ಲೂ ನಡಿಗೆ ನಿಲ್ಲದಿರಲಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಆರೋಗ್ಯದ ಬಗ್ಗೆ ಮಾತನಾಡಲು ಎಂಜಿನಿಯರನನ್ನು ಯಾಕೆ ಕರೆದರು ಎಂದು ಕೆಲವರು ನಗುತ್ತಿದ್ದೀರಿ. ನಾನು ವೈದ್ಯನಲ್ಲ. ಕಾಲುವೆ ಕೆಲಸದಲ್ಲಿ ಬಿಸಿಲು ಕಂಡವನು, ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ನಡೆಯುವವನು. ನನ್ನ ಅರ್ಹತೆ ಅಷ್ಟೇ.

ಯುಗಾದಿ ಮುಗಿದರೆ ನಮ್ಮವರು ಊರಲ್ಲಿ ನಿಲ್ಲುವುದಿಲ್ಲ. ಮದುವೆ, ಜಾತ್ರೆ, ಮಕ್ಕಳ ರಜೆ. ಅಕ್ಷಯ ತೃತೀಯದಂದು ಬಸವ ಜಯಂತಿ ಬಂತೆಂದರೆ ಬಾಗೇವಾಡಿ, ಕೂಡಲಸಂಗಮ, ಬಸವಕಲ್ಯಾಣ. ನಮ್ಮ ನಡಿಗೆಯ ಗುಂಪಿನಲ್ಲಿ ಹನ್ನೊಂದು ಜನ ಇದ್ದೇವೆ, ಏಪ್ರಿಲ್ ಬಂದರೆ ನಾಲ್ವರು ಉಳಿಯುತ್ತೇವೆ. ಉಳಿದವರ ಮಾತು ಒಂದೇ: "ಊರಿಗೆ ಬಂದ ಮ್ಯಾಲೆ ಮತ್ತ ಶುರು ಮಾಡಿದ್ರಾತು ಬಿಡ್ರಿ."

ನಮ್ಮ ಗುಂಪಿನ ಹಿರಿಯರೊಬ್ಬರಿಗೆ 71 ವರ್ಷ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದರು. ಒಂದು ಬೇಸಿಗೆ ಸೊಲ್ಲಾಪುರ, ಪುಣೆ, ಹುಬ್ಬಳ್ಳಿ ಎಂದು ಎರಡು ತಿಂಗಳು ಮದುವೆಗಳಲ್ಲೇ ಕಳೆದರು. ಜೂನ್‌ನಲ್ಲಿ ಬಂದಾಗ ಕುರ್ಚಿಯ ಕೈ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಮತ್ತೆ ನಾಲ್ಕು ಕಿಲೋಮೀಟರ್ ನಡೆಯುವ ಹೊತ್ತಿಗೆ ದೀಪಾವಳಿ ಬಂದಿತ್ತು. ಇಪ್ಪತ್ತರ ಹುಡುಗ ಎರಡು ತಿಂಗಳು ಬಿಟ್ಟರೂ ಬೇಗ ಸುಧಾರಿಸಿಕೊಳ್ಳುತ್ತಾನೆ. ನಮ್ಮ ವಯಸ್ಸಿನಲ್ಲಿ ತೊಡೆಯ ಬಲ ಬೇಗ ಹೋಗುತ್ತದೆ, ತಡವಾಗಿ ಬರುತ್ತದೆ.

ಹಾಗೆಂದು ಬಿಸಿಲಲ್ಲಿ ಹಟ ಹಿಡಿದು ನಡೆಯಿರಿ ಎನ್ನುತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ, ವಿಜಯಪುರ, ಬಾಗಲಕೋಟೆಯಲ್ಲೂ ಹಾಗೆಯೇ. ನಾವು ಕಾಂಕ್ರೀಟ್ ಹಾಕುವ ಕೆಲಸವನ್ನೂ ನಸುಕಿನಲ್ಲೇ ಶುರು ಮಾಡುತ್ತಿದ್ದೆವು. ಕಾಂಕ್ರೀಟಿಗೆ ಸಲ್ಲದ ಬಿಸಿಲು ಅರವತ್ತು ದಾಟಿದ ಮೈಗೆ ಸಲ್ಲುತ್ತದೆಯೇ?

ನಮ್ಮ ಮೈ ಒಂದು ಡೆಸರ್ಟ್ ಕೂಲರ್ ಇದ್ದಂತೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಆದರೆ ಆವಿಯಾಗಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ. ಕಲಬುರಗಿಯಲ್ಲಿ ಚೆನ್ನಾಗಿ ನಡೆಯುವ ಕೂಲರ್ ಮಂಗಳೂರಿನಲ್ಲಿ ಯಾಕೆ ಪ್ರಯೋಜನಕ್ಕೆ ಬರುವುದಿಲ್ಲ ಹೇಳಿ? ಅಲ್ಲಿ ಗಾಳಿಯಲ್ಲೇ ನೀರು ತುಂಬಿದೆ. ಆದ್ದರಿಂದ ಕರಾವಳಿಗೆ ಹೋದಾಗ 33 ಡಿಗ್ರಿ ಎಂದು ಹಗುರವಾಗಿ ಎಣಿಸಬೇಡಿ. ರಾಯಚೂರಿನ ಕಡೆ ಅಪಾಯ ಬೇರೆ ತರಹದ್ದು. ಬೆವರು ಬಂದದ್ದೇ ತಿಳಿಯದಂತೆ ಒಣಗಿಹೋಗುತ್ತದೆ, ನೀರು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುತ್ತದೆ.

ಹೊಸ ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಬೆಂಗಳೂರು, ಮೈಸೂರಿನಿಂದ ಎ.ಸಿ. ಬಸ್ಸಿನಲ್ಲಿ ಬೀದರಿಗೆ ಬಂದಿಳಿದವರು ಮೊದಲ ಮೂರು ನಾಲ್ಕು ದಿನ ಅರ್ಧದಷ್ಟೇ ನಡೆಯಲಿ, ಅದೂ ಸೂರ್ಯ ಹುಟ್ಟುವ ಹೊತ್ತಿಗೆ.

ಈಗ ರೂಢಿಯ ಮಾತು. ಇಲ್ಲಿರುವ ತಾಯಂದಿರು ಎಲ್ಲೇ ಹೋದರೂ ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ಮದುವೆ ಮನೆಯ ಗದ್ದಲದಲ್ಲೂ ಒಂದು ಮೂಲೆ ಹುಡುಕಿ ಕುಳಿತುಕೊಳ್ಳುತ್ತೀರಿ. "ಪ್ರವಾಸದಲ್ಲಿದ್ದೇನೆ, ಪೂಜೆ ಊರಿಗೆ ಹೋದ ಮೇಲೆ" ಎಂದವರನ್ನು ನಾನು ಕಂಡಿಲ್ಲ. ವ್ಯಾಯಾಮಕ್ಕೂ ಅದೇ ಜಾಗ ಕೊಡಿ: ಎದ್ದ ಮೇಲೆ, ಸ್ನಾನಕ್ಕೆ ಮುಂಚೆ, ಇಪ್ಪತ್ತೈದು ನಿಮಿಷ. ಗಡಿಯಾರದ ಹೊತ್ತು ಊರೂರಿಗೆ ಬದಲಾಗಬಹುದು, ಸ್ನಾನ ಪೂಜೆಯ ಸರಣಿ ಬದಲಾಗುವುದಿಲ್ಲವಲ್ಲ.

ವಾರಕ್ಕೆ 150 ನಿಮಿಷ ಚುರುಕು ನಡಿಗೆಯಷ್ಟು ಶ್ರಮ ಬೇಕು. 65 ದಾಟಿದವರು ವಾರದಲ್ಲಿ ಮೂರು ದಿನ ಬಲ ಮತ್ತು ಸಮತೋಲನದ ವ್ಯಾಯಾಮವನ್ನೂ ಸೇರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗೆ ಹೋಗಲಾಗದಿದ್ದರೆ ಕಲ್ಯಾಣ ಮಂಟಪದಲ್ಲಿ ಕುರ್ಚಿಗೇನು ಬರವೇ? ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ, ಸ್ವಲ್ಪ ತಡೆದು ಮತ್ತೆ ಹತ್ತು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಬಸ್ಸಿನಲ್ಲಿ ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ನಿಲ್ಲಿಸಿದಾಗ ಇಳಿದು ನಾಲ್ಕು ಹೆಜ್ಜೆ ಹಾಕಿ. ತಾಸುಗಟ್ಟಲೆ ಅಲುಗಾಡದೆ ಕುಳಿತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಕೂಡಲಸಂಗಮದ ಐಕ್ಯಮಂಟಪದ ಮೆಟ್ಟಿಲು ಇಳಿದು ಹತ್ತುವುದೂ ಒಳ್ಳೆಯ ವ್ಯಾಯಾಮವೇ, ಬೆಳಗಿನ ತಂಪಿನಲ್ಲಿ ಮಾಡಿದರೆ.

ಅಂಗಳದ ಕಲ್ಲಿನ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಅಂಗಾಲಿನ ಅರಿವು ಕಡಿಮೆಯಾಗಿರುತ್ತದೆ. ಮಧ್ಯಾಹ್ನ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದದ್ದು ರಾತ್ರಿ ಮಗಳು ಕಾಲು ನೋಡಿದಾಗಲೇ ತಿಳಿದ ಅಜ್ಜನೊಬ್ಬರನ್ನು ನಾನು ಬಲ್ಲೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಭಕ್ತಿಗೆ ಕೊರತೆ ಬಾರದು.

ನಾನು ಹೆಚ್ಚು ಹೇಳಬೇಕೆಂದಿರುವುದು ನೀರಿನ ಬಗ್ಗೆ. "ನೀರು ಕುಡಿಯಿರಿ" ಎಂದು ಹೇಳುವುದು ಸುಲಭ. ನಮ್ಮ ಹೆಣ್ಣುಮಕ್ಕಳು ಪ್ರಯಾಣದಲ್ಲಿ ಬೇಕೆಂದೇ ನೀರು ಕುಡಿಯುವುದಿಲ್ಲ. ಯಾಕೆಂದು ಇಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ನಿಲ್ಲಿಸುವ ಅಕ್ಕಂದಿರಿದ್ದಾರೆ. ಅಂಥವರಿಗೆ ನಡಿಗೆಯ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ತಲೆ ಸುತ್ತು, ಉರಿಮೂತ್ರ ಅನುಭವಿಸುವವರು ಅವರು. ವ್ಯವಸ್ಥೆ ಮಾಡಬೇಕಾದವರು ಸಮಿತಿಯಲ್ಲಿ ಕುಳಿತ ನಾವು ಗಂಡಸರು. ಪೆಂಡಾಲಿಗೂ ಹೂವಿಗೂ ಕೊಟ್ಟ ಗಮನ ಶೌಚಾಲಯಕ್ಕೆ ಕೊಟ್ಟಿದ್ದೇವೆಯೇ?

ಮಜ್ಜಿಗೆ, ಅಂಬಲಿ ಎರಡೂ ಒಳ್ಳೆಯವು, ನಡುನಡುವೆ ಗುಟುಕು ಗುಟುಕಾಗಿ ತೆಗೆದುಕೊಳ್ಳಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರು ನೀರು ಉಪ್ಪಿನ ಲೆಕ್ಕವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಲಿ, ತಾವಾಗಿ ಮಾತ್ರೆ ಬಿಡುವುದು ಬೇಡ. ಬಿಸಿಲಲ್ಲಿ ಯಾರಾದರೂ ತೊದಲಿದರೆ, ತೂರಾಡಿದರೆ, ಅಸಂಬದ್ಧ ಮಾತಾಡಿದರೆ ಅದನ್ನು ಆಯಾಸ ಎನ್ನಬೇಡಿ. ನೆರಳಿಗೆ ತನ್ನಿ, ಮೈಗೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪೂಜ್ಯರಲ್ಲಿ ನನ್ನದೊಂದು ಬಿನ್ನಹವಿದೆ. ಈ ಸಲದ ಜಯಂತಿಯ ಮೆರವಣಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಆರಕ್ಕೆ ಹೊರಡಲಿ, ಎಂಟೂವರೆಯೊಳಗೆ ಮುಗಿಯಲಿ. ಎಲ್ಲರ ಆ ದಿನದ ನಡಿಗೆಯೂ ಅದರಲ್ಲೇ ಆಯಿತು. ಭಾಷಣಗಳು ಸಂಜೆಗೆ ಹೋಗಲಿ, ನಾಲ್ಕು ಕಡಿಮೆಯಾದರೂ ಯಾರೂ ಬೇಸರಪಡಲಾರರು. ದಾಸೋಹ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಮಹಿಳೆಯರಿಗೆ ಆರು ಶೌಚಾಲಯ ಕಟ್ಟಲು ಬರುತ್ತದೆ, ಮೊನ್ನೆ ಟೇಪು ಹಿಡಿದು ಅಳೆದಿದ್ದೇನೆ. ನಕ್ಷೆ ಚೀಲದಲ್ಲಿದೆ. ಪ್ರಸಾದವಾದ ಮೇಲೆ ಸಮಿತಿಯವರು ಹತ್ತು ನಿಮಿಷ ಕೂಡಬೇಕು, ನಾಲ್ಕಾರು ಜನ ಅಕ್ಕಂದಿರೂ ಜೊತೆಗಿರಲಿ.