ಧ್ವನಿ ಹೋದವರ ಸಲಾಮ್

(ಸವಣೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ದರೂದ್ ಮತ್ತು ಸಲಾಮ್.



ಅಲ್ಲಾಹನು ಮನುಷ್ಯನಿಗೆ ಮಾತು ಕಲಿಸಿದ್ದನ್ನು ಸೂರಃ ಅರ್ರಹ್ಮಾನ್ ತನ್ನ ಆರಂಭದಲ್ಲೇ ನೆನಪಿಸುತ್ತದೆ. ಈ ಅನುಗ್ರಹದ ಬೆಲೆ ನಮಗೆ ಮನದಟ್ಟಾದದ್ದು ನಮ್ಮ ಜಮಾಅತ್‌ನ ಒಬ್ಬ ಹಿರಿಯರಿಂದ. ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿ, ವಾಸಿಯಾಯಿತೆಂದು ಮನೆಯವರು ನಿಟ್ಟುಸಿರುಬಿಟ್ಟಾಗ ಕಾಯಿಲೆ ಮರಳಿ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಮೇಲೆ ಅವರು ಮಸೀದಿಗೆ ಬರಲಿಲ್ಲ. ನಾವು ಮನೆಗೆ ಹೋದಾಗ ಚೀಟಿಯಲ್ಲಿ ಬರೆದರು: "ಸಲಾಮಿಗೆ ಜವಾಬು ಹೇಳಲಾಗದವನು ಸಫ್‌ನಲ್ಲಿ ಹೇಗೆ ನಿಲ್ಲಲಿ?" ನಾವು ಹೋದದ್ದೂ ತಿಂಗಳುಗಳ ನಂತರ. ಆ ತಪ್ಪು ನಮ್ಮದು.

ಸಹೋದರರೇ, ಬಾಯಿಂದ ಓದಲಾಗದವರ ನಮಾಝ್ ಅವರ ಶಕ್ತಿಯಿದ್ದಷ್ಟರಲ್ಲೇ ಪೂರ್ಣ. ಕೈಸನ್ನೆಯೇ ಅವರ ಜವಾಬು. ಮೂಕನಾದವನ ಸ್ಪಷ್ಟ ಸನ್ನೆಯನ್ನು ನಿಕಾಹ್‌ನಲ್ಲೂ ಒಪ್ಪಿಗೆಯೆಂದು ಫಿಕ್ಹ್ ಸ್ವೀಕರಿಸುತ್ತದೆ. ಈ ಆಪರೇಷನ್ ಆದವರು ಕತ್ತಿನ ರಂಧ್ರದಿಂದ ಉಸಿರಾಡುತ್ತಾರೆ. ಅದರೊಳಗೆ ನೀರು ಹೋಗಬಾರದು. ವುಝೂವಿನಲ್ಲಿ ಕತ್ತಿನ ಮುಂಭಾಗ ತೊಳೆಯುವ ಅಂಗವೇ ಅಲ್ಲ. ಗುಸ್ಲ್ ಮಾಡುವಾಗ ರಂಧ್ರಕ್ಕೆ ರಕ್ಷಣೆ ಇರಲಿ.

ಧ್ವನಿಪೆಟ್ಟಿಗೆ ಹೋದರೂ ಮಾತು ಮರಳಲು ದಾರಿಯಿದೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ವೈದ್ಯರು ಸಿಲಿಕೋನ್‌ನ ಚಿಕ್ಕ ಕವಾಟ ಕೂರಿಸುತ್ತಾರೆ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ಹೋಗಿ ಅಲ್ಲಿ ಕಂಪಿಸುತ್ತದೆ. ನಾಲಿಗೆ, ತುಟಿ ಅದನ್ನು ಮಾತಾಗಿಸುತ್ತವೆ. ಕವಾಟವನ್ನು ಆಗಾಗ ಬದಲಿಸಬೇಕು. ಹೊರದೇಶದ ಕವಾಟ ಬಡವರ ಕೈಗೆ ಎಟುಕದ್ದನ್ನು ಕಂಡ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಜೊತೆಗೂಡಿ ಸುಮಾರು 50 ರೂಪಾಯಿ ವೆಚ್ಚದ ಕವಾಟ ರೂಪಿಸಿದರು. 2015ರ ಹೊತ್ತಿಗೆ ಅದು ನಾಡಿನ ಗಮನ ಸೆಳೆಯಿತು. ಮಾತು ಕಳೆದುಕೊಂಡ ಬಡವನ ನೋವು ಒಬ್ಬ ವೈದ್ಯರನ್ನು ಇಷ್ಟು ಕಾಡಿದರೆ, ಅದೇ ಸಫ್‌ನಲ್ಲಿ ನಿಲ್ಲುವ ನಮ್ಮನ್ನು ಎಷ್ಟು ಕಾಡಬೇಕು?

ಇನ್ನೊಂದು ಮಾತು. ಸವಣೂರಿನ ವೀಳ್ಯದೆಲೆಗೆ ದೊಡ್ಡ ಹೆಸರಿದೆ. ಆದರೆ ಅದರೊಳಗೆ ಅಡಿಕೆ, ತಂಬಾಕು ಸೇರಿದರೆ ಬಾಯಿಗೆ, ಗಂಟಲಿಗೆ ಅಪಾಯ. ಬೀಡಿ, ಸಿಗರೇಟಂತೂ ಧ್ವನಿಪೆಟ್ಟಿಗೆಯ ಶತ್ರು. ದೇಹ ಅಲ್ಲಾಹನ ಅಮಾನತ್. 3 ವಾರ ಕಳೆದರೂ ಧ್ವನಿ ಒಡೆದೇ ಇದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಚಿಕಿತ್ಸೆ ಮುಗಿದವರೂ ತಪಾಸಣೆ ತಪ್ಪಿಸಬೇಡಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾಗದಪತ್ರ ಮಾಡಿಸಲು ಓದುಬರಹ ಬಲ್ಲ ನಮ್ಮ ಯುವಕರು ಜೊತೆಗೆ ಹೋಗಲಿ.

ಆ ಹಿರಿಯರು ಈಗ ಮತ್ತೆ ಮಸೀದಿಗೆ ಬರುತ್ತಿದ್ದಾರೆ. ಅವರು ಕೈಯೆತ್ತಿದರೆ ನಿಂತು ಜವಾಬು ಕೊಡಿ. ಚೀಟಿ ಬರೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.

ಅಲ್ಲಾಹನು ರೋಗಿಗಳಿಗೆಲ್ಲ ಶಿಫಾ ನೀಡಲಿ, ಮಾತು ಬಾರದವರ ಮನಸ್ಸನ್ನು ಅರಿಯುವ ಹೃದಯ ನಮಗೆ ಕೊಡಲಿ. ಆಮೀನ್.